ವಾರ್ಡ್ ಡೈರಿ, ಭಾಗ 9: ಕಮ್‌ಬ್ಯಾಕ್ ಕಥೆಗೆ ಚಪ್ಪಾಳೆ ಹೊಡೆಯುವ ಮುಂಚೆ

ಕಳೆದ ಭಾಗ ಓದಿ ಇನ್‌ಬಾಕ್ಸಿಗೆ ಬಂದ ಮೆಸೇಜುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಇತ್ತು. "ಅಕ್ಕಾ, ನಮ್ಮ ಯಜಮಾನರಿಗೆ ಡಿಸ್ಕ್ ಆಪರೇಷನ್ ಆಗಿ ಎರಡು ತಿಂಗಳಾಯ್ತು. ಇನ್ನೂ ಸೊಂಟ ಹಿಡ್ಕೊಂಡೇ ಓಡಾಡ್ತಾರೆ. ಬುಮ್ರಾ ಬೆನ್ನು ಕುಯ್ಸಿಕೊಂಡು ಬಂದು ಬೌಲಿಂಗೇ ಮಾಡಿದ್ನಲ್ಲ?"

ಈ ಹೋಲಿಕೆ ತಪ್ಪು. ಅಷ್ಟೇ ಅಲ್ಲ, ಅದರಿಂದ ಜನರಿಗೆ ನಿಜವಾಗಿಯೂ ತೊಂದರೆ ಆಗುತ್ತಿದೆ. ಇಂಗ್ಲೆಂಡಿನ ಬೆನ್ನುಹುರಿ ವಾರ್ಡಿನಲ್ಲಿ ಕೆಲಸ ಮಾಡುವವಳಾಗಿ ಇವತ್ತು ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಡಿಸ್ಕ್ ಅಂದರೆ ಏನು ಅಂತ ನೋಡೋಣ. ಹೋಳಿಗೆ ನೆನಪಿಸಿಕೊಳ್ಳಿ. ಹೊರಗೆ ಗಟ್ಟಿ ಕಣಕ, ಒಳಗೆ ಮೆತ್ತನೆಯ ಹೂರಣ. ಕಣಕ ಹರಿದು ಹೂರಣ ಹೊರಗೆ ಬಂದು ಕಾಲಿಗೆ ಹೋಗುವ ನರವನ್ನು ಒತ್ತಿದರೆ ಅದೇ "ಡಿಸ್ಕ್ ಜಾರಿದೆ" ಅನ್ನುವ ಸ್ಥಿತಿ. ಮೈಕ್ರೋಡಿಸೆಕ್ಟಮಿ ಎಂಬ ಆಪರೇಷನ್ನಿನಲ್ಲಿ ಸರ್ಜನ್ ಹೊರಬಂದ ಹೂರಣವನ್ನು ತೆಗೆಯುತ್ತಾರೆ. ಹರಿದ ಕಣಕವನ್ನು ಹೊಸದಾಗಿ ಮಾಡಿಕೊಡುವುದಿಲ್ಲ. ನರದ ಮೇಲಿನ ಒತ್ತಡ ಹೋದ ಕೂಡಲೇ ಕಾಲಿನ ನೋವು ಎಷ್ಟೋ ಜನರಿಗೆ ಅವತ್ತೇ ಇಳಿಯುತ್ತದೆ, ಇಲ್ಲಿ ಅದೇ ದಿನ ಅಥವಾ ಮರುದಿನ ಮನೆಗೂ ಕಳಿಸುತ್ತಾರೆ. ಅಪಾಯ ಶುರುವಾಗುವುದೇ ಇಲ್ಲಿ. ನೋವಿಲ್ಲ, ಹಾಗಾಗಿ ವಾಸಿಯಾಗಿದೆ ಅಂದುಕೊಂಡು ಮೂರನೇ ವಾರಕ್ಕೆ ಗ್ಯಾಸ್ ಸಿಲಿಂಡರ್ ಎತ್ತುತ್ತಾರೆ. ಹರಿದ ಜಾಗ ಇನ್ನೂ ಕೂಡಿಕೊಂಡಿರುವುದಿಲ್ಲ, ಮತ್ತೆ ಹೂರಣ ಹೊರಗೆ.

ಇನ್ನು ಬುಮ್ರಾ ವಿಷಯ. ಅವರದು ಡಿಸ್ಕ್ ಕಥೆ ಅಲ್ಲ, ವೇಗದ ಬೌಲರುಗಳಿಗೆ ಬೆನ್ನಿನ ಮೂಳೆಯ ಮೇಲೆ ಪದೇ ಪದೇ ಒತ್ತಡ ಬಿದ್ದು ಆಗುವ ಸ್ಟ್ರೆಸ್ ಗಾಯ. 2022ರಲ್ಲಿ ಬೆನ್ನುನೋವಿನಿಂದ ಏಷ್ಯಾ ಕಪ್ ತಪ್ಪಿತು. ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಎರಡು ಟಿ20 ಆಡಿದರು. ಮತ್ತೆ ಬೆನ್ನು ಕೈಕೊಟ್ಟಿತು, ವಿಶ್ವಕಪ್ಪೂ ಹೋಯಿತು. 2023ರ ಜನವರಿಯಲ್ಲಿ ತಂಡಕ್ಕೆ ಸೇರಿಸಿ, ಪಂದ್ಯಕ್ಕೆ ಮುಂಚೆಯೇ ಕೈಬಿಟ್ಟರು. ಮಾರ್ಚಿನಲ್ಲಿ ನ್ಯೂಜಿಲೆಂಡಿನಲ್ಲಿ ಆಪರೇಷನ್, ಆಗಸ್ಟಿನಲ್ಲಿ ಐರ್ಲೆಂಡಿನಲ್ಲಿ ವಾಪಸ್. ಅಂದರೆ ನೀವು ನೆನಪಿಟ್ಟುಕೊಂಡಿರುವ ಆ "ಕಮ್‌ಬ್ಯಾಕ್" ಮೊದಲನೆಯ ಪ್ರಯತ್ನ ಅಲ್ಲವೇ ಅಲ್ಲ. ಅದಕ್ಕೂ ಮುಂಚಿನ ಪ್ರಯತ್ನ ಎರಡೇ ಪಂದ್ಯಕ್ಕೆ ಮುರಿದುಬಿದ್ದಿತ್ತು.

ನಮ್ಮ ಬೆಂಗಳೂರಿನ ಹುಡುಗ ಪ್ರಸಿದ್ಧ್ ಕೃಷ್ಣ ಕೂಡ ಅದೇ ಐರ್ಲೆಂಡ್ ಸರಣಿಯಲ್ಲೇ ವಾಪಸ್ ಬಂದದ್ದು. ಬೆನ್ನಿನ ಸ್ಟ್ರೆಸ್ ಫ್ರಾಕ್ಚರ್, ಆಪರೇಷನ್, 2023ರ ಇಡೀ ಐಪಿಎಲ್ ಮನೆಯಲ್ಲಿ. ಅದೇ ಹುಡುಗ 2025ರ ಐಪಿಎಲ್ಲಿನಲ್ಲಿ 25 ವಿಕೆಟ್ ತೆಗೆದ. ಪ್ಯಾಟ್ ಕಮಿನ್ಸ್ 2011ರಲ್ಲಿ, 18ನೇ ವಯಸ್ಸಿಗೆ ಮೊದಲ ಟೆಸ್ಟ್ ಆಡಿದವರು ಎರಡನೆಯ ಟೆಸ್ಟ್ ಆಡಿದ್ದು 2017ರಲ್ಲಿ, ರಾಂಚಿಯಲ್ಲಿ. ನಡುವಿನ ಆ ಐದು ವರ್ಷಕ್ಕೂ ಹೆಚ್ಚಿನ ಕಾಲದ ಮೇಲೆ ಯಾರಾದರೂ ರೀಲ್ಸ್ ಮಾಡಿದ್ದಾರಾ?

ಡಿಸ್ಕ್ ಕಥೆಯೇ ಬೇಕು ಅಂದರೆ ಟೈಗರ್ ವುಡ್ಸ್. 2014ರಲ್ಲಿ ಬೆನ್ನಿನ ಮೊದಲ ಆಪರೇಷನ್, 2015ರಲ್ಲಿ ಇನ್ನೆರಡು, 2017ರ ಏಪ್ರಿಲಿನಲ್ಲಿ ಎರಡು ಮೂಳೆಗಳನ್ನು ಬೆಸೆಯುವ ಫ್ಯೂಷನ್. ಮರುತಿಂಗಳೇ ರಸ್ತೆ ಬದಿ ಕಾರಿನಲ್ಲಿ ನಿದ್ದೆಗೆ ಜಾರಿದ್ದಾಗ ಪೊಲೀಸರ ಕೈಗೆ ಸಿಕ್ಕರು, ವೈದ್ಯರು ಬರೆದುಕೊಟ್ಟ ಮಾತ್ರೆಗಳ ಪರಿಣಾಮ ಎಂದು ಆಮೇಲೆ ಅವರೇ ಹೇಳಿದರು. 2019ರಲ್ಲಿ ಮಾಸ್ಟರ್ಸ್ ಗೆದ್ದರು. ಕಥೆ ಹೇಳುವವರು ಅಲ್ಲಿಗೆ ನಿಲ್ಲಿಸಿ ಸಂಗೀತ ಹಾಕಿಬಿಡುತ್ತಾರೆ. ಆದರೆ 2020ರ ಡಿಸೆಂಬರಿನಲ್ಲಿ ಮತ್ತೆ ಆಪರೇಷನ್, 2024ರಲ್ಲಿ ಮತ್ತೆ, 2025ರಲ್ಲಿ ಡಿಸ್ಕನ್ನೇ ಬದಲಿಸುವ ಆಪರೇಷನ್. ಒಟ್ಟು ಏಳು. ಟ್ರೋಫಿ ಎತ್ತಿದ ಫೋಟೋ ನೋಡುವಾಗ ಈ ಏಳನ್ನೂ ಎಣಿಸಿ.

"ಹಾಗಾದರೆ ರೋಗಿಗಳಿಗೆ ಧೈರ್ಯ ಬೇಡವಾ?" ಅಂತ ಕೇಳುತ್ತೀರಿ. ಖಂಡಿತ ಬೇಕು. ಮಲಗಿಕೊಂಡೇ ಇರಿ ಅಂತಲೂ ನಾನು ಹೇಳುತ್ತಿಲ್ಲ. ನಮ್ಮ ಕಡೆ ಇನ್ನೂ "ಮೂರು ತಿಂಗಳು ಹಾಸಿಗೆ ಬಿಟ್ಟು ಏಳಬೇಡ" ಅನ್ನುವವರಿದ್ದಾರೆ, ಅದೂ ಅಷ್ಟೇ ತಪ್ಪು. ಸುಮ್ಮನೆ ಮಲಗಿದರೆ ಸ್ನಾಯು ಕರಗುತ್ತದೆ, ಭಯ ಬೆಳೆಯುತ್ತದೆ. ಇಲ್ಲಿ ಆಪರೇಷನ್ ಆದವರನ್ನು ಆದಷ್ಟು ಬೇಗ ಎಬ್ಬಿಸಿ ನಡೆಸುತ್ತೇವೆ. ಹೂರಣ ಜಾರಿದ ಎಷ್ಟೋ ಜನರಿಗೆ ಆಪರೇಷನ್ನೇ ಬೇಕಾಗುವುದಿಲ್ಲ, ವಾರಗಳು ತಿಂಗಳುಗಳಲ್ಲಿ ಅದು ತಾನಾಗಿಯೇ ಕುಗ್ಗುತ್ತದೆ.

ಆಟಗಾರರಿಂದ ಕಲಿಯಬೇಕಾದ್ದು ಅವರ ಲೆಕ್ಕ, ಅವರ ವೇಗ ಅಲ್ಲ. ವೇಗದ ಬೌಲರ್ ವಾಪಸ್ ಬರುವಾಗ ಮೊದಲು ನಡಿಗೆ, ಆಮೇಲೆ ಹೊಟ್ಟೆ ಸೊಂಟದ ಸ್ನಾಯುಗಳ ವ್ಯಾಯಾಮ, ಆಮೇಲೆ ಓಟ, ಅರ್ಧ ರನ್ನಪ್, ಎಣಿಸಿ ಕೊಟ್ಟ ಚೆಂಡುಗಳು. ಒಂದು ಮೆಟ್ಟಿಲು ಬೆನ್ನು ತಡೆದುಕೊಂಡರೆ ಮಾತ್ರ ಇನ್ನೊಂದು. ಪಕ್ಕದಲ್ಲೇ ಫಿಸಿಯೋ, ಬೇಕೆಂದಾಗ ಸ್ಕ್ಯಾನ್, ಸಂಬಳದ ಚಿಂತೆ ಇಲ್ಲ. ನಿಮ್ಮ ಯಜಮಾನರಿಗೆ ಇದರಲ್ಲಿ ಏನು ಸಿಕ್ಕಿದೆ? ವ್ಯಾಯಾಮದ ಒಂದು ಹಾಳೆ, "ಎಂದಿನಿಂದ ಕೆಲಸಕ್ಕೆ ಬರ್ತೀಯಾ" ಅನ್ನುವ ಮಾಲೀಕ, ಪಕ್ಕದಲ್ಲಿ ಬುಮ್ರಾ ವಿಡಿಯೋ ಕಳಿಸುವ ಭಾವಮೈದ.

ಆಟಗಾರ ಲೆಕ್ಕ ಇಟ್ಟರೂ ನಾವು ಬಿಡುವುದಿಲ್ಲ. 2025ರ ಬೇಸಿಗೆಯಲ್ಲಿ ಇಲ್ಲಿ ಐದು ಟೆಸ್ಟುಗಳಲ್ಲಿ ಬುಮ್ರಾ ಮೂರೇ ಆಡುತ್ತಾರೆ ಎಂದು ಮೊದಲೇ ತಿಳಿಸಿದ್ದರು. ಅದೇ ವರ್ಷ ಜನವರಿಯಲ್ಲಿ ಸಿಡ್ನಿಯಲ್ಲಿ ಬೆನ್ನು ಹಿಡಿದು ಎರಡನೇ ಇನಿಂಗ್ಸಿನಲ್ಲಿ ಬೌಲಿಂಗ್ ಮಾಡಲಾಗದೆ ಕೂತಿದ್ದವರು, ಚಾಂಪಿಯನ್ಸ್ ಟ್ರೋಫಿ ಕಳೆದುಕೊಂಡವರು. ಆದರೂ "ದೇಶಕ್ಕಿಂತ ಬೆನ್ನು ಹೆಚ್ಚಾ?" ಅಂತ ಬರೆದವರು ನಮ್ಮ ಗುಂಪುಗಳಲ್ಲೇ ಇದ್ದರು. ಬೇಗ ಬಂದರೆ ವೀರ, ಯೋಚಿಸಿ ಬಂದರೆ ಸೋಮಾರಿ. ಇದನ್ನು ನೋಡುತ್ತಿರುವ ಹದಿನೈದರ ಹುಡುಗ ಸೊಂಟನೋವನ್ನು ಕೋಚ್ ಹತ್ತಿರ ಹೇಳುತ್ತಾನಾ? ಇಂಗ್ಲೆಂಡಿನಲ್ಲಿ ಮಕ್ಕಳು ಒಂದು ಸ್ಪೆಲ್ಲಿಗೆ, ಒಂದು ದಿನಕ್ಕೆ ಎಷ್ಟು ಓವರ್ ವೇಗದ ಬೌಲಿಂಗ್ ಮಾಡಬಹುದು ಎಂದು ವಯಸ್ಸಿನ ಪ್ರಕಾರ ಮಿತಿ ಇದೆ. ನಿಮ್ಮ ಮಗನ ಬೇಸಿಗೆ ಶಿಬಿರದಲ್ಲಿ ಓವರ್ ಎಣಿಸುವವರು ಯಾರು, ಹೋಗಿ ಕೇಳಿ.

ಆಪರೇಷನ್ ಆದವರ ಮನೆಗೆ ಹೋದಾಗ "ಎಂದಿಗೆ ಸರಿಹೋಗ್ತೀಯಾ" ಅನ್ನಬೇಡಿ. "ಈ ವಾರ ಎಷ್ಟು ದೂರ ನಡೆದೆ" ಅಂತ ಕೇಳಿ. ಕ್ಯಾಲೆಂಡರ್ ನೋಡಿ ಯಾವ ಬೆನ್ನೂ ವಾಸಿಯಾಗುವುದಿಲ್ಲ.

ಕೊನೆಗೆ ಒಂದು ವಿಷಯ, ಇದನ್ನು ಮಾತ್ರ ದಯವಿಟ್ಟು ಶೇರ್ ಮಾಡಿ. ಬೆನ್ನುನೋವಿನ ಜೊತೆ ತೊಡೆಗಳ ನಡುವೆ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ, ಎರಡೂ ಕಾಲು ಸೋತು ಬಂದರೆ, ಎಣ್ಣೆ ತಿಕ್ಕುತ್ತಾ ಕೂರಬೇಡಿ. ಬೆಳಗಾಗಲಿ ಅಂತಲೂ ಕಾಯಬೇಡಿ. ಅದೇ ಗಂಟೆ ದೊಡ್ಡಾಸ್ಪತ್ರೆಗೆ ಹೋಗಿ. ತಡವಾದರೆ ಆ ನರಗಳು ಪೂರ್ತಿ ಚೇತರಿಸಿಕೊಳ್ಳದೇ ಹೋಗಬಹುದು.

ಮುಂದಿನ ಭಾಗದಲ್ಲಿ ನೋವಿನ ಮಾತ್ರೆಗಳ ಬಗ್ಗೆ. ಅದಕ್ಕೂ ಬೈಸಿಕೊಳ್ಳೋಕೆ ತಯಾರಾಗಿ ಬನ್ನಿ.