ಗರಡಿಯಿಂದ ಬಂದ ಮಾತುಗಳು



ಈ ವರುಷ ಕನ್ನಡದ ತರಗತಿಯಲ್ಲಿ ಬಾಲಕನೊಬ್ಬನು, “ಮಾಸ್ತರೇ, ಪಟ್ಟು ಹಿಡಿ ಎಂಬಲ್ಲಿ ಪಟ್ಟು ಎಂದರೇನು?” ಎಂದು ಕೇಳಿದನು. “ಹಟ” ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ನಾವು ಪಾಠ ಮುಂದುವರಿಸಿದೆವು. ಅದು ಅರ್ಧ ಉತ್ತರವೆಂಬುದು ಸಂಜೆ ಲೋಕಲ್ ಗಾಡಿಯಲ್ಲಿ ಮನೆಗೆ ಮರಳುವಾಗ ಹೊಳೆಯಿತು. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇವೆ.

ಪಟ್ಟು ಎಂದರೆ ಹಿಡಿತ. ಎದುರಾಳಿಯನ್ನು ಕೆಡಹಲು ಜಟ್ಟಿಯು ಹಾಕುವ ಹಿಡಿತಕ್ಕೂ ಅದೇ ಹೆಸರು. ಅದಕ್ಕೆ ತೋಳಿನ ಬಲದಷ್ಟೇ ಯುಕ್ತಿಯೂ ಬೇಕು. ಹಟಮಾರಿಯು ಕಣ್ಣು ಮುಚ್ಚಿ ಹಿಡಿಯುತ್ತಾನೆ. ಜಟ್ಟಿಯು ಎಲ್ಲಿ ಹಿಡಿಯಬೇಕೆಂದು ಅರಿತು ಹಿಡಿಯುತ್ತಾನೆ. ಈ ಭೇದವನ್ನು ಮರೆತರೆ ಒಂದು ಒಳ್ಳೆಯ ಗುಣವೇ ದುರ್ಗುಣವಾಗಿ ಕಾಣುತ್ತದೆ.

ಕಣಕ್ಕಿಳಿದ ಜಟ್ಟಿಯು ತೊಡೆ ತೋಳುಗಳನ್ನು ತಟ್ಟಿ ಎದುರಾಳಿಯನ್ನು ಕರೆಯುವುದೇ ಸೆಡ್ಡು. ಇಂದು ಪತ್ರಿಕೆಗಳಲ್ಲಿ ರಾಜಕಾರಣಿಗಳು ಸೆಡ್ಡು ಹೊಡೆಯುತ್ತಾರೆ. ಸೋತೂ ಸೋಲೊಪ್ಪದವನನ್ನು ಕಂಡು ‘ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂದು ಹಿರಿಯರು ನಗುತ್ತಾರೆ. ಕುಸ್ತಿ ನಮ್ಮಲ್ಲಿ ಹಳೆಯ ವಿದ್ಯೆ. 12ನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೂ ಮಲ್ಲರ ಕಾಳಗದ ವಿವರಣೆಯಿದೆ.

ಹೊರಗಿನ ಆಟದ ಮಾತುಗಳು ಬರಬಾರದೆಂದು ನಾವು ಹೇಳುವುದಿಲ್ಲ. 1858ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಸ್ಟೀಫನ್‌ಸನ್ ಎಂಬಾತನು ಸತತ ಮೂರು ಚೆಂಡುಗಳಿಗೆ ಮೂರು ವಿಕೆಟ್ ಪಡೆದಾಗ, ಜನರು ಹಣ ಕೂಡಿಸಿ ಅವನಿಗೊಂದು ಟೋಪಿ ಕೊಡಿಸಿದರು. ಹ್ಯಾಟ್ರಿಕ್ ಎಂಬ ಮಾತಿಗೆ ಇದೇ ಮೂಲವೆನ್ನುತ್ತಾರೆ. ಈಗ ಅದೂ ಕನ್ನಡದ್ದೇ ಆಗಿದೆ. ಆದರೆ ಬಂದ ನೆಂಟನನ್ನು ಆದರಿಸುವ ಭರದಲ್ಲಿ ಮನೆಯವರ ಹೆಸರನ್ನೇ ಮರೆಯುವುದು ಸರಿಯೇ?

ಊರ ಗರಡಿಮನೆಯ ಕೆಮ್ಮಣ್ಣನ್ನು ನಿಮ್ಮಲ್ಲಿ ಅನೇಕರು ಕಂಡಿಲ್ಲ. ಅದು ನಿಮ್ಮ ತಪ್ಪಲ್ಲ. ತೋರಿಸದ ನಮ್ಮ ತಪ್ಪು. ಆದರೆ ಈ ಮುಂಬಯಿಯಲ್ಲಿಯೂ ಅದರ ಗುರುತು ಅಳಿದಿಲ್ಲ. ನಮ್ಮ ಮರಾಠಿ ನೆರೆಯವರು ಗರಡಿಯನ್ನು ‘ತಾಲೀಮ್’ ಎನ್ನುತ್ತಾರೆ. ವಾರ್ಷಿಕೋತ್ಸವದ ನಾಟಕಕ್ಕೆಂದು ನೀವು ಮಾಡುವ ಅಭ್ಯಾಸವೂ ತಾಲೀಮೇ. ಆ ಮಾತಿನ ಮೂಲ ಅರಬ್ಬಿ. ಅಲ್ಲಿ ಅದರ ಅರ್ಥ ಬೋಧನೆ. ‘ಇಂಥವರ ಗರಡಿಯಲ್ಲಿ ಪಳಗಿದವನು’ ಎಂದು ಶಿಷ್ಯನನ್ನು ಹೊಗಳುವುದೂ ಉಂಟಷ್ಟೇ! ಹಾಗಾದರೆ ನಮ್ಮ ಶಾಲೆಯೂ ಒಂದು ಗರಡಿಯೇ.

ಆದುದರಿಂದ ಬಾಲಕರೇ, ಬಾಲಿಕೆಯರೇ, ನುಡಿಗಟ್ಟುಗಳನ್ನು ಬಾಯಿಪಾಠ ಮಾಡಿ ಸುಮ್ಮನಾಗಬೇಡಿರಿ. ಅವು ಎಲ್ಲಿಂದ ಬಂದವೆಂದು ಮನೆಯಲ್ಲಿ ಅಜ್ಜನನ್ನು, ಶಾಲೆಯಲ್ಲಿ ನಮ್ಮನ್ನು ಕೇಳಿರಿ. ನಾವು ಒಂದೇ ಮಾತಿನಲ್ಲಿ ಉತ್ತರಿಸಿ ಮುಂದೆ ಸಾಗಿದರೆ ಬಿಡಬೇಡಿರಿ, ಪಟ್ಟು ಹಿಡಿಯಿರಿ.