ಹೊಸ ಉದ್ಯಮವೂ ಹಳೆಯ ಉದ್ರಿಯೂ

ನಮ್ಮ ಜಿಲ್ಲಾ ಪಟ್ಟಣಗಳ ತರುಣರಲ್ಲಿ ಸ್ವಂತ ಉದ್ಯಮವನ್ನು ಹೂಡಬೇಕೆಂಬ ಹಂಬಲವು ಕಾಣಬರುತ್ತಿರುವುದು ಸಂತೋಷದ ಸಂಗತಿಯೇ ಸರಿ. ಸರಕಾರಿ ಚಾಕರಿಯ ಹೊರತು ಮಾನದ ಅನ್ನವಿಲ್ಲವೆಂಬ ಭ್ರಮೆಯು ಇನ್ನೂ ಪೂರ್ತಿ ಅಳಿದಿಲ್ಲವಾದರೂ ಕರಗತೊಡಗಿದೆ. ಒಬ್ಬನು ಎಣ್ಣೆಯ ಗಾಣವನ್ನು ಹಾಕುತ್ತಾನೆ. ಒಬ್ಬ ಹೆಣ್ಣುಮಗಳು ನೆರೆಹೊರೆಯ ನಾಲ್ವರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ, ಚಟ್ನಿಪುಡಿಗಳ ತಯಾರಿಕೆಗೆ ತೊಡಗುತ್ತಾಳೆ. ಮತ್ತೊಬ್ಬನು ಕಬ್ಬಿಣದ ಬಾಗಿಲು-ಕಿಟಕಿಗಳ ಕಾರಖಾನೆಯನ್ನು ತೆರೆಯುತ್ತಾನೆ. ಪೂಜೆಯಾಗುತ್ತದೆ, ಪೇಢೆ ಹಂಚಲಾಗುತ್ತದೆ, ಪುಢಾರಿಗಳ ಭಾಷಣವೂ ಆಗುತ್ತದೆ. ಆದರೆ ಎರಡು ವರ್ಷಗಳ ತರುವಾಯ ಅದೇ ಬೀದಿಯಲ್ಲಿ ಹಾದುಹೋಗುವವರು ಎಷ್ಟೋ ಕಡೆಗಳಲ್ಲಿ ಬೀಗ ಬಿದ್ದ ಬಾಗಿಲನ್ನು ಕಾಣುತ್ತಾರೆ. ಯಂತ್ರವು ಕೆಟ್ಟಿತೆಂದಲ್ಲ, ಸರಕು ಹೀನವಾಗಿತ್ತೆಂದಲ್ಲ, ಗಿರಾಕಿಗಳು ಬರಲಿಲ್ಲವೆಂದೂ ಅಲ್ಲ. ಮಾಲು ಮಾರಿತ್ತು, ಹಣ ಬಂದಿರಲಿಲ್ಲ. ಈ ಒಂದು ವಿಷಯವನ್ನು ಕುರಿತು ನಾವು ಇಂದು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಉದ್ಯಮವನ್ನು ಹೂಡುವವನು ಮೊತ್ತಮೊದಲು ಯೋಜನಾ ವರದಿಯೊಂದನ್ನು ಸಿದ್ಧಪಡಿಸಬೇಕಾಗುತ್ತದೆ. ಬ್ಯಾಂಕು ಅದನ್ನು ಕೇಳುತ್ತದೆ, ಕೇಳುವುದು ನ್ಯಾಯವೇ. ಆದರೆ ಈ ವರದಿಯನ್ನು ಉದ್ಯಮಿಯು ತಾನೇ ಬರೆಯುವುದು ವಿರಳ. ಹಣ ಕೊಟ್ಟರೆ ಬರೆದುಕೊಡುವವರಿದ್ದಾರೆ. ಅವರು ಹಿಂದಿನ ಯಾರದೋ ವರದಿಯಲ್ಲಿ ಹೆಸರು-ಊರುಗಳನ್ನು ಬದಲಿಸಿ ಕೊಡುವುದೂ ಉಂಟು. ಅಂಥ ವರದಿಯಲ್ಲಿ ಯಂತ್ರದ ಬೆಲೆಯು ಪೈಸೆಯವರೆಗೆ ಸರಿಯಾಗಿರುತ್ತದೆ, ಏಕೆಂದರೆ ಯಂತ್ರ ಮಾರುವವನು ದರಪಟ್ಟಿಯನ್ನು ಕೊಟ್ಟಿರುತ್ತಾನೆ. ಮಿಕ್ಕುದೆಲ್ಲ ಊಹೆ. ಮೊದಲನೆಯ ತಿಂಗಳಿನಿಂದಲೇ ತಯಾರಿಕೆಯು ಭರದಿಂದ ಸಾಗುತ್ತದೆ, ತಯಾರಾದುದೆಲ್ಲ ಮಾರಾಟವಾಗುತ್ತದೆ, ಮಾರಿದುದಕ್ಕೆಲ್ಲ ಹಣವು ಕೈಸೇರುತ್ತದೆ. ಇಂಥ ಅದೃಷ್ಟವು ನಮ್ಮ ಯಾವ ಪೇಟೆಯಲ್ಲಿ ಯಾವ ಅಂಗಡಿಕಾರನಿಗೆ ಲಭಿಸಿದೆಯೋ ನಾವರಿಯೆವು.

ಗಾಣದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಂಕಿಗಳನ್ನು ಲೆಕ್ಕದ ಸುಲಭಕ್ಕಾಗಿ ಹಿಡಿದಿದ್ದೇವೆ. ಬೆಲೆಗಳು ಏರಿಳಿದರೂ ಲೆಕ್ಕದ ರೀತಿಯು ಬದಲಾಗದು. ದಿನಕ್ಕೆ 100 ಕಿಲೋ ಶೇಂಗಾಬೀಜವನ್ನು ಅರೆಯುವ ಗಾಣವೊಂದಿದೆ. ಕಟ್ಟಡದ ಮುಂಗಡ, ಗಾಣ, ಮೋಟಾರು ಎಲ್ಲ ಸೇರಿ 5 ಲಕ್ಷ ರೂಪಾಯಿ ತಗಲಿದೆ ಎನ್ನೋಣ. ಬೀಜಕ್ಕೆ ಕಿಲೋಗೆ 100 ರೂಪಾಯಿಯಂತೆ ದಿನಕ್ಕೆ 10,000, ತಿಂಗಳಿಗೆ 25 ದಿನ ಕೆಲಸವೆಂದರೆ 2 ಲಕ್ಷ 50 ಸಾವಿರ. ಹಿಂಡಿಯನ್ನು ದನ ಸಾಕುವವರು ನಗದಿಗೇ ಒಯ್ಯುವರು. ಅದರಿಂದ ಕೂಲಿಯೂ ವಿದ್ಯುತ್ತಿನ ಬಿಲ್ಲೂ ಹೊರಟವೆಂದೇ ಹಿಡಿಯೋಣ. ಇನ್ನುಳಿದುದು ಎಣ್ಣೆ. ಅದನ್ನು ಅಂಗಡಿಗಳಿಗೂ ಖಾನಾವಳಿಗಳಿಗೂ ವಸತಿಗೃಹಗಳಿಗೂ ಉದ್ರಿಯಲ್ಲಿಯೇ ಕೊಡಬೇಕು. ಹೊಸಬನಿಗೆ ಬೇರೆ ಗತಿಯಿಲ್ಲ. ಅವರು ಎರಡು ತಿಂಗಳ ಮೇಲೆ ಕೊಟ್ಟರೆ ಒಳ್ಳೆಯವರೆಂದೇ ತಿಳಿಯಬೇಕು. ಹದಿನೈದು ದಿನದ ಬೀಜವು ಕೋಣೆಯಲ್ಲಿರಬೇಕು. ಅಂದರೆ ಎರಡೂವರೆ ತಿಂಗಳ ಬೀಜದ ಬೆಲೆ, 6 ಲಕ್ಷ 25 ಸಾವಿರ ರೂಪಾಯಿ, ಯಾವಾಗಲೂ ಈತನ ಕೈಬಿಟ್ಟು ಹೊರಗೇ ಇರುತ್ತದೆ. ಯಂತ್ರಕ್ಕೆ ಹಾಕಿದುದಕ್ಕಿಂತ ಪರರ ಅಂಗಡಿಯಲ್ಲಿ ಮಲಗಿದ ಹಣವೇ ಹೆಚ್ಚು!

ಮೇಲಾಗಿ ಶೇಂಗಾ ವರ್ಷವಿಡೀ ಒಂದೇ ಬೆಲೆಗೆ ಸಿಕ್ಕುವ ಪದಾರ್ಥವಲ್ಲ. ದಸರೆ-ದೀಪಾವಳಿಗಳ ಸುಮಾರಿಗೆ ಮುಂಗಾರಿನ ಫಸಲು ಪೇಟೆಗೆ ಬಂದಾಗ ಕೊಂಡಿಟ್ಟವನಿಗೆ ಲಾಭವುಂಟು. ಕೊಳ್ಳಲು ಆಗ ನಗದು ಬೇಕು. ಚಳ್ಳಕೆರೆಯಂತಹ ಎಣ್ಣೆಯ ಪೇಟೆಯಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊರಗಿನಿಂದ ಬಂದ ಪದವೀಧರನಿಗೆ ಮಾತ್ರ ಇದು ಮೊದಲನೆಯ ವರ್ಷದ ನಷ್ಟದಿಂದಲೇ ತಿಳಿಯುತ್ತದೆ. ಇದರ ಮೇಲೆ ತೆರಿಗೆಯೊಂದು. 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಸಾಮಾನ್ಯ ಕ್ರಮದಂತೆ, ನೋಂದಾಯಿತನಾದವನು ಬಿಲ್ಲು ಬರೆದ ತಿಂಗಳಿನ ತೆರಿಗೆಯನ್ನು ಕಟ್ಟಲೇಬೇಕು; ಕೊಂಡವನು ಹಣ ಕೊಟ್ಟನೋ ಬಿಟ್ಟನೋ ಎಂದು ಯಾರೂ ವಿಚಾರಿಸುವುದಿಲ್ಲ. ಬಾರದ ಹಣಕ್ಕೆ ತೆರಿಗೆಯನ್ನು ಕೈಯಿಂದ ತೆರುವ ಪ್ರಸಂಗವಿದು.

ಸಹಾಯಧನದ ವಿಷಯದಲ್ಲಿಯೂ ತಪ್ಪುಕಲ್ಪನೆಯುಂಟು. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ವರ್ಗ ಮತ್ತು ಸ್ಥಳಗಳಿಗನುಸಾರವಾಗಿ ವೆಚ್ಚದ ನೂರಕ್ಕೆ 15ರಿಂದ 35ರವರೆಗೆ ಸಹಾಯಧನವನ್ನು ಗೊತ್ತುಪಡಿಸಲಾಯಿತು. ಆದರೆ ಆ ಮೊತ್ತವು ಮೂರು ವರ್ಷಗಳ ಕಾಲ ಬ್ಯಾಂಕಿನಲ್ಲಿಯೇ ಠೇವಣಿಯಾಗಿರುವುದೆಂಬುದೂ, ಉದ್ಯಮವು ನಡೆಯುತ್ತಿದೆಯೆಂದು ಪರೀಕ್ಷಿಸಿದ ಮೇಲೆಯೇ ಸಾಲಕ್ಕೆ ಜಮೆಯಾಗುವುದೆಂಬುದೂ ಎಷ್ಟು ಮಂದಿ ಅರ್ಜಿದಾರರಿಗೆ ಗೊತ್ತಿದೆ? ಅದು ಬೀಜ ಕೊಳ್ಳಲು ಒದಗುವ ನಗದಲ್ಲ. ಅದನ್ನೇ ನಂಬಿ ಸಾಹುಕಾರನಲ್ಲಿ ಕೈಗಡ ಮಾಡಿದವರು ಪಟ್ಟ ಪಾಡು ಸಣ್ಣದಲ್ಲ.

ದುಡಿಯುವ ಬಂಡವಾಳದ ಬೆಲೆಯನ್ನು ನಮ್ಮ ನಾಡಿನ ಹಿರಿಯರು ಅರಿಯದೆ ಇರಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಈ ಮೂವರು 8,000 ರೂಪಾಯಿಗಳ ಬಂಡವಾಳದಿಂದ ಬ್ಯಾಂಕೊಂದನ್ನು ಹುಟ್ಟುಹಾಕಿದರು. ಕೈಮಗ್ಗದ ಕಸುಬು ಕುಸಿದು ಸಂಕಟದಲ್ಲಿದ್ದ ನೇಕಾರರಿಗೆ ನೆರವಾಗುವುದೇ ಅವರ ಮುಖ್ಯೋದ್ದೇಶವಾಗಿತ್ತು. 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿಯೇ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಅವರು ಆರಂಭಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆಯು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಿತ್ಯ ಬಾಗಿಲಿಗೆ ಹೋಗುವವನಿಗೆ ಯಾರ ಮಗ್ಗ ಆಡುತ್ತಿದೆ, ಯಾರದು ನಿಂತಿದೆ ಎಂಬುದು ಕಣ್ಣಿಗೇ ಬೀಳುತ್ತದೆ. ಇಂದಿನ ಸಾಲದ ಅಧಿಕಾರಿಗೆ ಕಾಗದವು ಕಾಣುತ್ತದೆ, ಮಗ್ಗವು ಕಾಣುವುದಿಲ್ಲ.

ಹಾಗಾದರೆ ಹೊಸಬನು ಮಾಡಬೇಕಾದುದೇನು? ಯಂತ್ರಕ್ಕಿಂತ ಮೊದಲು ಕೊಳ್ಳುವವರನ್ನು ಹುಡುಕಲಿ. ಎಷ್ಟು ಕೊಳ್ಳುವರೆಂಬುದಕ್ಕಿಂತ ಎಷ್ಟು ದಿನಕ್ಕೆ ಕೊಡುವರೆಂಬುದನ್ನು ವಿಚಾರಿಸಲಿ. ಅರ್ಧ ಸಾಮರ್ಥ್ಯದ ಯಂತ್ರದಿಂದ, ಬಾಡಿಗೆಯ ಕೋಣೆಯಲ್ಲಿ ಆರಂಭಿಸುವುದರಲ್ಲಿ ಅವಮಾನವೇನೂ ಇಲ್ಲ. ಮನೆಯ ಖರ್ಚು ಅಂಗಡಿಯ ಪೆಟ್ಟಿಗೆಯಿಂದ ಹೊರಡತೊಡಗಿದರೆ ಕೀರ್ದಿ ಪುಸ್ತಕವು ಎಂದೂ ನಿಜ ಹೇಳದು. 1982ರಲ್ಲಿ ಉಜಿರೆಯಲ್ಲಿ ಸ್ಥಾಪಿತವಾದ ರುಡ್‌ಸೆಟಿಯು ಕಸುಬಿನೊಡನೆ ವ್ಯವಹಾರದ ಶಿಕ್ಷಣವನ್ನೂ ಕೊಟ್ಟು ದೇಶಕ್ಕೆ ಮಾದರಿಯಾಯಿತು. ಅಂಥ ತರಬೇತಿಯನ್ನು ಕೇವಲ ಪ್ರಮಾಣಪತ್ರಕ್ಕಾಗಿ ಪಡೆಯುವವರ ವಿಷಯದಲ್ಲಿ ನಮಗೆ ಮರುಕವಿದೆ.

ಇನ್ನು ಕಾಯಿದೆಯ ಮಾತು. ಸೂಕ್ಷ್ಮ, ಸಣ್ಣ ಹಾಗೂ ಮಧ್ಯಮ ಉದ್ಯಮಗಳ ಅಭಿವೃದ್ಧಿಗಾಗಿ 2006ರಲ್ಲಿ ಆದ ಶಾಸನದಂತೆ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಪಡೆದವನು ಒಪ್ಪಂದದ ಅವಧಿಯಲ್ಲಿ, ಏನೇ ಆದರೂ 45 ದಿನಗಳೊಳಗೆ, ಹಣ ಕೊಡಬೇಕು. ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ. ತಪ್ಪಿದರೆ ರಿಜರ್ವ್ ಬ್ಯಾಂಕು ಪ್ರಕಟಿಸಿದ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ತೆರಬೇಕು. 2023ರ ಹಣಕಾಸು ಶಾಸನವು, ಹೀಗೆ ಬಾಕಿಯುಳಿಸಿಕೊಂಡವನಿಗೆ ಹಣ ಸಲ್ಲಿಸಿದ ವರ್ಷದಲ್ಲಲ್ಲದೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಕಳೆದುಕೊಳ್ಳುವ ಸೌಲಭ್ಯವಿಲ್ಲವೆಂದು ಮಾಡಿತು. ಈ ರಕ್ಷಣೆಯು ತಯಾರಕರಿಗೂ ಸೇವೆ ಸಲ್ಲಿಸುವವರಿಗೂ ಉಂಟು. ಬರಿಯ ಕೊಂಡು ಮಾರುವ ವ್ಯಾಪಾರಿಗೆ ಇಲ್ಲ. ಆದುದರಿಂದ ಹೊಸ ಉದ್ಯಮಿಯು ಮೊದಲನೆಯ ಸರಕನ್ನು ಕಳಿಸುವ ಮುನ್ನವೇ 2020ರ ಜುಲೈಯಿಂದ ನಡೆದಿರುವ ಉದ್ಯಮ್ ನೋಂದಣಿಯನ್ನು ಮಾಡಿಸಿಕೊಳ್ಳಲಿ. ಅದಕ್ಕೆ ಶುಲ್ಕವಿಲ್ಲ, ದಲ್ಲಾಳಿಯ ಅಗತ್ಯವೂ ಇಲ್ಲ. ಬಿಲ್ಲಿನ ಮೇಲೆ ಆ ಸಂಖ್ಯೆಯು ಅಚ್ಚಾಗಿರಲಿ.

ಕಾಯಿದೆಯುಂಟು, ಧೈರ್ಯವಿಲ್ಲ. ಗಾಣದವನು ತನ್ನ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟರೆ ನಾಳೆ ಆ ಗಿರಾಕಿಯೇ ಇಲ್ಲ. ನೋಂದಾಯಿತ ಸಣ್ಣವರಿಂದ ಕೊಳ್ಳುವುದನ್ನೇ ಕೆಲವರು ಬಿಟ್ಟರೆಂಬ ದೂರೂ ಕೇಳಿಬಂದಿದೆ. ಇಂಥಲ್ಲಿ ಮೇಲ್ಪಂಕ್ತಿಯನ್ನು ಹಾಕಬೇಕಾದವರು ಯಾರು? ಸರಕಾರಿ ಇಲಾಖೆಗಳೂ ಸ್ಥಳೀಯ ಸಂಸ್ಥೆಗಳೂ ಅಲ್ಲವೆ? ಶಾಲೆಗೆ ಬೆಂಚು, ವಸತಿನಿಲಯಕ್ಕೆ ದಿನಸಿ, ಕಚೇರಿಗೆ ಮುದ್ರಿತ ನಮೂನೆಗಳನ್ನು ಕೊಟ್ಟು, ಅನುದಾನ ಬಂದಿಲ್ಲವೆಂಬ ಉತ್ತರವನ್ನು ಕೇಳಿ ಮರಳುವ ಸಣ್ಣ ಉದ್ಯಮಿಯನ್ನು ಅಧಿಕಾರಿ ಮಹಾಶಯರು ನೋಡದಿರುವರೆ? ಬಲಗೈಯಿಂದ ಸಾಲ ಕೊಡಿಸಿ ಎಡಗೈಯಿಂದ ಬಿಲ್ಲನ್ನು ತಡೆಹಿಡಿಯುವ ಆಡಳಿತವು ಉದ್ಯಮವನ್ನು ಬೆಳೆಸುತ್ತಿದೆಯೆಂದು ಹೇಳಿಕೊಳ್ಳಲಾರದು.

ಪ್ರತಿಯೊಂದು ತಾಲೂಕು ಮಟ್ಟದ ಕಚೇರಿಯೂ ತಾನು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಬಾಕಿಯನ್ನು, ಬಿಲ್ಲಿನ ತಾರೀಖು ಸಹಿತವಾಗಿ, ತಿಂಗಳಿಗೊಮ್ಮೆ ತನ್ನ ಫಲಕದ ಮೇಲೆ ಪ್ರಕಟಿಸಬೇಕೆಂದು ನಾವು ಸೂಚಿಸುತ್ತೇವೆ. ಇದಕ್ಕೆ ಹೊಸ ಕಾಯಿದೆ ಬೇಡ, ಹಣವೂ ಬೇಡ. ಸರಕಿನಲ್ಲಿ ದೋಷವಿದ್ದರೆ ತಲುಪಿದ 15 ದಿನಗಳೊಳಗೆ ಬರಹದಲ್ಲಿ ತಿಳಿಸಬೇಕೆಂದು ಆ 2006ರ ಶಾಸನವೇ ಹೇಳಿದೆ. ಇಲ್ಲವಾದರೆ ಸರಕು ತಲುಪಿದ ದಿನವೇ ಒಪ್ಪಿಗೆಯ ದಿನವಾಗುತ್ತದೆ. ಮೂರು ತಿಂಗಳು ಬೆಂಚಿನ ಮೇಲೆ ಮಕ್ಕಳನ್ನು ಕೂರಿಸಿ, ಬಿಲ್ಲಿನ ಮಾತು ಬಂದಾಗ ಅದರ ಕಾಲು ಕುಂಟೆಂದು ಬರೆಯುವ ಪದ್ಧತಿಯನ್ನು ಕಚೇರಿಗಳು ಈ ವರ್ಷವೇ ಬಿಡಲಿ.