ಕೈಗೂಸಿನೊಡನೆ ವಿಮಾನಯಾನ

ಹೆರಿಗೆಗೆಂದು ತವರಿಗೆ ಹೋದ ಗೃಹಿಣಿಯು ಕೈಗೂಸಿನೊಡನೆ ಮುಂಬಯಿಗೆ ಮರಳುವುದು ನಮ್ಮವರಲ್ಲಿ ತಲೆಮಾರುಗಳಿಂದ ನಡೆದುಬಂದ ಪ್ರಯಾಣ. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣಗೊಂಡು ಆ ದಾರಿ ಸುಗಮವಾಯಿತು. ಈಗ ಹೋಟೆಲ್ ಕಾರ್ಮಿಕರೂ ಗುಮಾಸ್ತರೂ ಹಣ ಕೂಡಿಸಿ ಮಂಗಳೂರಿನಿಂದ ವಿಮಾನದ ಟಿಕೆಟು ಕೊಳ್ಳುತ್ತಿದ್ದಾರೆ. ಇದನ್ನು ದುಂದುವೆಚ್ಚವೆಂದು ಹಳಿಯುವವರ ಮಾತು ನಮಗೆ ಸಮ್ಮತವಲ್ಲ. ಇರುಳಿಡೀ ಬಸ್ಸಿನಲ್ಲಿ ಕುಲುಕಾಡುವುದಕ್ಕಿಂತ ಸುಮಾರು ಒಂದೂವರೆ ಗಂಟೆಯ ಹಾರಾಟವು ಬಾಣಂತಿಗೆ ಹಿತವೆಂಬುದರಲ್ಲಿ ಸಂದೇಹವಿಲ್ಲ.

ಮೊದಲ ಬಾರಿ ಹೊರಡುವವರು ಕೆಲವು ಸಂಗತಿಗಳನ್ನು ಅರಿತಿರಬೇಕು. ಎರಡು ವರ್ಷ ತುಂಬದ ಮಗುವಿಗೆ ಬೇರೆ ಆಸನ ಕೊಳ್ಳಬೇಕಾಗಿಲ್ಲ. ತಾಯಿಯ ಮಡಿಲೇ ಸಾಕು. ಆದರೆ ಮಗುವಿನ ಹೆಸರನ್ನು ಟಿಕೆಟಿನಲ್ಲಿ ಸೇರಿಸಿ, ಗೊತ್ತುಪಡಿಸಿದ ಶುಲ್ಕ ತೆತ್ತು, ವಯಸ್ಸಿನ ಪುರಾವೆಗೆ ಜನನ ಪ್ರಮಾಣಪತ್ರವನ್ನು ಕೈಯಲ್ಲಿ ಇಟ್ಟುಕೊಳ್ಳತಕ್ಕದ್ದು. ಮಗುವಿನ ಹಾಲಿಗೆ ತಪಾಸಣೆಯಲ್ಲಿ ಅಡ್ಡಿಯಿಲ್ಲ.

ವಿಮಾನವು ಏರುವಾಗ, ಅದಕ್ಕಿಂತ ಹೆಚ್ಚಾಗಿ ಇಳಿಯುವಾಗ, ಗಾಳಿಯ ಒತ್ತಡ ಬದಲಾಗಿ ಕಿವಿ ನೋಯುತ್ತದೆ. ದೊಡ್ಡವರು ಉಗುಳು ನುಂಗಿ ಸುಧಾರಿಸಿಕೊಂಡಾರು; ಹಸುಳೆಗೆ ಅದು ತಿಳಿಯದು. ಆಗ ಹಾಲೂಡಿಸಿದರೆ, ನುಂಗುವಾಗ ಕಿವಿಯೊಳಗಿನ ನಾಳವು ತೆರೆದು ನೋವು ತಗ್ಗುತ್ತದೆ. ನೆಗಡಿಯಿದ್ದರೆ ವೈದ್ಯರನ್ನು ಕೇಳಿಯೇ ಹೊರಡುವುದು ಕ್ಷೇಮ. ಇಷ್ಟಾಗಿಯೂ ಮಗು ಅತ್ತರೆ ತಾಯಿ ನಾಚಬೇಕಾಗಿಲ್ಲ. ಮುಖ ಸಿಂಡರಿಸುವ ಸಹಪ್ರಯಾಣಿಕರೇ ನಾಚಬೇಕು.

ಕೊನೆಗೆ ಹೋಟೆಲ್ ಮಾಲಿಕ ಬಂಧುಗಳಲ್ಲಿ ಒಂದು ಬಿನ್ನಹ. ವಿಮಾನವನ್ನೇ ಕಾಣದ ಹೆಣ್ಣುಮಗಳು ಕೂಸು, ಗಂಟು, ಕಾಗದಪತ್ರಗಳೊಡನೆ ಒಂಟಿಯಾಗಿ ಬರುವುದು ಸುಲಭವಲ್ಲ. ಕರೆತರಲು ತಂದೆಯಾದವನಿಗೆ ಸಂಬಳ ಹಿಡಿಯದೆ ಎರಡು ದಿನ ರಜೆ ಕೊಡಿ. ಗಲ್ಲಾದಲ್ಲಿ ಕುಳಿತ ಅನುಭವ ನಮಗೂ ಉಂಟು; ಎರಡು ದಿನ ಒಬ್ಬ ಮಾಣಿ ಇಲ್ಲದಿದ್ದರೆ ಹೋಟೆಲು ಮುಚ್ಚಿಹೋಗದು.